ಹದಿನೈದು ಮೈಲಿಯ ಬುತ್ತಿ

ಫ್ರೀಮಾಂಟಿನ ನಮ್ಮ ಮನಿಯಿಂದ ಪ್ಲೆಸೆಂಟನ್ನಿನ ತಂಗಿ ಮನಿಗೆ ಹದಿನೈದು ಮೈಲಿ. ಅಂದ್ರ ಸುಮಾರು 24 ಕಿಲೋಮೀಟರ್. ನಮ್ಮ ಮಂದಿಗೆ ತಿಳಿಯೋ ಹಂಗ ಹೇಳಬೇಕಂದ್ರ ಧಾರವಾಡದಿಂದ ಹುಬ್ಬಳ್ಳಿಗೆ ಹೋದಷ್ಟು, ಮ್ಯಾಲೊಂದೀಟು. ಊರಾಗಿದ್ದಾಗ ಹುಬ್ಬಳ್ಳಿಗೆ ಹೋಗಲಿಕ್ಕೆ ಯಾರರ ಪ್ಲ್ಯಾನ್ ಮಾಡ್ತಿದ್ರೇನ್ರಿ? ಸೀರಿ ಬದಲಿ ಮಾಡಿ, ಪರ್ಸ್ ಹಿಡಕೊಂಡು ಬಸ್ಸಿಗೆ ನಿಂತ್ರ ಆತು. ಉಣಕಲ್ ಕೆರಿ ಕಂಡಿತಂದ್ರ ಹುಬ್ಬಳ್ಳಿ ಬಂತು. ಆದ್ರ ಇಲ್ಲೆ ಅದ ಅಷ್ಟು ದೂರಕ್ಕ ನಾ ಹದಿನೈದು ದಿನ ತಯಾರಿ ಮಾಡಿದೆ ಅಂದ್ರ ವೈನಿ ಫೋನಿನ್ಯಾಗ ನಕ್ಕರು. ನಗಲಿ. ಆದ್ರ ಹೆಂಗ ಮಾಡಿದೆ ಅನ್ನೋದು ಬರದಿಟ್ರ, ಲೈಸೆನ್ಸ್ ಪರ್ಸಿನ್ಯಾಗಿದ್ದೂ ಮನ್ಯಾಗ ಕೂತಿರೋ ಅಕ್ಕ ತಂಗ್ಯಾರಿಗೆ ಉಪಯೋಗ ಆದೀತು ಅಂತ ಬರೀಲಿಕತ್ತೇನಿ.

ಮೊದಲು ಯಾಕ ಹೋಗಬೇಕಾತು ಅನ್ನೋದು. ನಮ್ಮ ಮಾವಶಿ ಮಗಳು ಹಡೆದಳು. ಹೆಣ್ಣುಕೂಸು. ಬಾಣಂತನಕ್ಕ ಮಾವಶಿ ಬರೋದಂತ ಆಗಿತ್ತು, ಟಿಕೆಟ್ ಸೈತ ನೋಡಿಟ್ಟಿದ್ರು. ಅಷ್ಟರಾಗ ಅವರಿಗೆ ಮೊಣಕಾಲಿನ ಆಪರೇಶನ್ ಆತು. ಇನ್ನೂ ಕೋಲು ಹಿಡದ ನಡೀತಾರ, ವಿಮಾನದಾಗ ಹೆಂಗ ಕೂಡೋದು? ಅಕಿ ಗಂಡಗ ಸಿಕ್ಕ ರಜಾ ಮುಗೀತು. ಮುಂಜಾನೆ ಎಂಟಕ್ಕ ಅಂವ ಹ್ವಾದ ಅಂದ್ರ ಸಂಜಿ ಆರರ ತನಕ ಮನ್ಯಾಗ ಅಕಿ, ಕೂಸು, ನಾಕು ಗ್ವಾಡಿ.

ದಿನಾ ಫೋನ್ ಮಾಡ್ತಿದ್ದೆ. "ಉಂಡ್ಯೇನವಾ?" ಅಂದ್ರ "ಹೂಂ ಅಕ್ಕಾ" ಅಂತಿದ್ದಳು. ಏನ ಉಂಡಿ ಅಂದ್ರ ಬ್ರೆಡ್ಡು. ನಿನ್ನಿದೂ ಬ್ರೆಡ್ಡು. ಮೂರನೇ ವಾರಕ್ಕ ಮಾತು ಕಡಿಮಿ ಆತು. ಕೇಳಿದ್ದಕ್ಕಷ್ಟ ಉತ್ತರ. ಒಂದಿನ ಹಿಂದ ಕೂಸು ಅಳೋದು ಕೇಳತಿತ್ತು, ಇಕಿ ಸುಮ್ಮನ ಫೋನ್ ಹಿಡಕೊಂಡ ಕೂತಿದ್ದಳು. ಮಾವಶಿ ಅಲ್ಲಿಂದ ನನಗ ಫೋನ್ ಮಾಡಿ, "ನೀ ಹತ್ತರ ಇದ್ದೀಯಲ್ಲವಾ, ಒಂದೀಟು ನೋಡಿಕೊಳ್ಳವಾ" ಅಂದ್ರು. ಹತ್ತರ ಅನ್ನೋ ಮಾತು ನನಗ ಚುಚ್ಚಿತು. ನಕಾಶೆದಾಗ ಹತ್ತರ ಖರೇ. ಆದ್ರ ನಡು ಒಂದು ಫ್ರೀವೇ ಅದ, ಗುಡ್ಡ ಅದ. ಶನಿವಾರ ನಮ್ಮನಿಯವರು ಕರಕೊಂಡ ಹೋದ್ರ ಮಾತ್ರ ನಾ ಹತ್ತರ.

ನನಗ ಲೈಸೆನ್ಸ್ ಬಂದು ಎರಡು ವರ್ಷ ಆಗಿತ್ತು. ಇಲ್ಲೆ ಪರೀಕ್ಷಾದಾಗ ಸಾಮಾನ್ಯವಾಗಿ ಫ್ರೀವೇ ಮ್ಯಾಲೆ ಕರಕೊಂಡ ಹೋಗೋದಿಲ್ಲ, ಊರಾಗಿನ ಓಣಿಗಳೊಳಗ ತಿರುಗಿಸಿ ಪಾಸು ಮಾಡ್ತಾರ. ಹಿಂಗಾಗಿ ಸಾಲಿ, ಕಿರಾಣಿ ಅಂಗಡಿ, ಗುಡಿ, ಲೈಬ್ರರಿ, ಇಷ್ಟರಾಗ ನನ್ನ ಗಾಡಿ ತಿರುಗತಿತ್ತು. ಫ್ರೀವೇ ಅಂದ್ರ ಬ್ಯಾರೇ ಮಾತು. ಸಿಗ್ನಲ್ ಇಲ್ಲ, ನಿಲ್ಲೋ ಹಂಗಿಲ್ಲ, 65 ಮೈಲಿ ವೇಗ, ಅಂದ್ರ ತಾಸಿಗೆ 105 ಕಿಲೋಮೀಟರ್ ಹತ್ತರ.

ಹಾದಿ ಯಾವುದು ಅನ್ನೋದು ಮೊದಲನೇ ಪ್ರಶ್ನೆ. ಪ್ಲೆಸೆಂಟನ್ನಿಗೆ ಬಾರ್ಟ್ ರೈಲು ಅದ. ಆದ್ರ ಫ್ರೀಮಾಂಟಿನಿಂದ ನೆಟ್ಟಗ ಹೋಗೋದಿಲ್ಲ. ಉತ್ತರಕ್ಕ ಬೇ ಫೇರ್ ಸ್ಟೇಶನ್ ತನಕ ಹೋಗಿ, ಅಲ್ಲೆ ಇಳದು ಬ್ಯಾರೇ ಗಾಡಿ ಹತ್ತಿ ಹೊಳ್ಳಿ ಪೂರ್ವಕ್ಕ ಬರಬೇಕು. ಸ್ಟೇಶನ್ನಿನಿಂದ ಅಕಿ ಮನಿ ಮತ್ತ ದೂರ. ಡಬ್ಬಿ ಹಿಡಕೊಂಡು ಅಷ್ಟು ತಿರುಗಿದ್ರ ಸಾಲಿ ಬಿಡೋದ್ರಾಗ ಹೊಳ್ಳಿ ಬರಲಿಕ್ಕೆ ಆಗೋದಿಲ್ಲ.

ಎರಡನೇದು ನೈಲ್ಸ್ ಕಣಿವಿ ರಸ್ತಾ, 84ನೇ ನಂಬರಿಂದು. ಅಲಮೇಡಾ ಹಳ್ಳದ ಗುಂಟ ಡೊಂಕಿ ಡೊಂಕಿ ಹೋಗ್ತದ. ಭಾಳ ಚಂದ. ಹಳೇ ರೈಲು ಹಾದಿ ಬಾಜೂಕ ಅದ. ಈ ನೈಲ್ಸ್ ಅನ್ನೋ ಊರಾಗ 1915ರಾಗ ಚಾರ್ಲಿ ಚಾಪ್ಲಿನ್ ಸಿನಿಮಾ ತಗದಿದ್ದ. "ಫ್ರೀವೇ ಬ್ಯಾಡಾದ್ರ ಆ ಹಾದಿ ಹಿಡಿ" ಅಂತ ಭಾಳ ಮಂದಿ ಹೇಳಿದ್ರು. ಶನಿವಾರ ಬಾಜೂಕ ಕೂತು ಒಮ್ಮೆ ನೋಡಿದೆ. ಎರಡ ಲೇನು, ಒಂದು ಹೋಗಲಿಕ್ಕೆ ಒಂದು ಬರಲಿಕ್ಕೆ. ಎದುರಿನ ಗಾಡಿ ಮಾರಿ ಮ್ಯಾಲ ಬಂದಂಗ ಬರ್ತದ. ಒಂದು ಬಾಜೂ ಬಂಡಿ, ಒಂದು ಬಾಜೂ ಹಳ್ಳ. ಹಿಂದಿನಂವ ಅವಸರ ಮಾಡಿದ್ರ ಬದೀಗೆ ಸರೀಲಿಕ್ಕೆ ಜಾಗಾ ಕಡಿಮಿ. ಆವಾಗ ನನಗ ತಿಳೀತು, ಸಣ್ಣ ರಸ್ತಾ ಅಂದ್ರ ಸೋವಿ ರಸ್ತಾ ಅಲ್ಲ. ಫ್ರೀವೇದಾಗ ವೇಗ ಹೆಚ್ಚು ಖರೇ, ಆದ್ರ ಎದುರಿಂದ ಯಾರೂ ಬರೋದಿಲ್ಲ. ಎಲ್ಲಾರೂ ನಾವು ಹೊಂಟ ಕಡೀಗೇ ಹೊಂಟಿರ್ತಾರ. ಈ ಒಂದ ಮಾತಿನಿಂದ ನನ್ನ ಅರ್ಧಾ ಅಂಜಿಕಿ ಹೋತು.

ಮೂರನೇದು 680. ಅದನ್ನ ಆರಿಸಿದೆ.

ಇನ್ನ ಹೊತ್ತು. ಹೊತ್ತು ನೋಡೋದಂದ್ರ ಮಂದಿ ಯಾವ ಕಡಿ ಹೊಂಟಾರ ಅಂತ ನೋಡೋದು. ಸ್ಯಾನ್ ಹೋಸೆ ಕಡಿ ಮನಿ ತುಟ್ಟಿ. ಅದಕ್ಕ ಆಫೀಸು ಅಲ್ಲಿದ್ರೂ ಭಾಳ ಮಂದಿ ಗುಡ್ಡದ ಆ ಕಡಿ ಟ್ರೇಸಿ, ಮ್ಯಾಂಟೀಕಾ ಊರಾಗ ಮನಿ ಮಾಡ್ಯಾರ. ನಸುಕಿನ್ಯಾಗ ಎದ್ದು ಆಲ್ಟಮಾಂಟ್ ಕಣಿವಿ ದಾಟಿ 580ರಾಗ ಬಂದು, 680 ಹಿಡದು ದಕ್ಷಿಣಕ್ಕ ಇಳೀತಾರ. ಸಂಜೀಕ ಅದ ಹಾದಿ ಹೊಳ್ಳಿ ಉತ್ತರಕ್ಕ. ನನಗ ಹೋಗಬೇಕಾಗಿದ್ದು ಮುಂಜಾನೆ ಉತ್ತರಕ್ಕ, ಮಧ್ಯಾಹ್ನ ದಕ್ಷಿಣಕ್ಕ. ಅಂದ್ರ ಎರಡೂ ಸಲ ಮಂದಿಗೆ ಉಲ್ಟಾ! ಇದು ಗೊತ್ತಾದ ದಿನ ಲಾಟರಿ ಹತ್ತಿದಷ್ಟು ಖುಷಿ ಆತು. ಮಗನ್ನ ಸಾಲಿಗೆ ಬಿಟ್ಟು, ಅಡಿಗಿ ಡಬ್ಬಿಗೆ ತುಂಬಿ ಒಂಬತ್ತೂವರಿಗೆ ಮನಿ ಬಿಡೋದು, ಎರಡಕ್ಕ ಅಲ್ಲಿಂದ ಹೊಂಡೋದು, ಸಾಲಿ ಬಿಡೋದ್ರಾಗ ಬಂದಿರೋದು ಅಂತ ಲೆಕ್ಕಾ ಹಾಕಿದೆ. ಹೊಂಡೋಕಿಂತ ಮೊದಲು ಫೋನಿನ್ಯಾಗ 511 ಒತ್ತಿದ್ರ ರಸ್ತಾದ ಸುದ್ದಿ ಹೇಳ್ತಾರ, ಅದನ್ನೂ ರೂಢಿ ಮಾಡಿಕೊಂಡೆ.

ಹಾದಿ ಪಾಠ ಮಾಡಿದ್ದು ಎರಡು ಐತವಾರ. ಮುಂಜಾನೆ ಏಳಕ್ಕ, ರಸ್ತಾ ಖಾಲಿ ಇದ್ದಾಗ, ನಮ್ಮನಿಯವರನ್ನ ಬಾಜೂಕ ಕೂಡಿಸಿಕೊಂಡು. ಒಂದ ಕರಾರು ಹಾಕಿದ್ದೆ: ನಾ ಕೇಳಿದಾಗ ಅಷ್ಟ ಮಾತಾಡಬೇಕು, ಇಲ್ಲದ ಬ್ರೇಕ್ ಒತ್ತಿದಂಗ ಕಾಲು ಅಲ್ಲಾಡಸಬಾರದು. ಪಾಪ, ಕರಾರು ಪಾಳಿಸಿದ್ರು. ಸೀಟಿನ ಹಿಡಕಿ ಮಾತ್ರ ಗಟ್ಟಿ ಹಿಡಕೊಂಡಿದ್ರು.

ಎಕ್ಸಿಟ್ ನಂಬರಿಂದು ಒಂದು ಗುಟ್ಟು ಅವರು ಹೇಳಿಕೊಟ್ರು. ಈ ರಾಜ್ಯದಾಗ ಎಕ್ಸಿಟ್ ನಂಬರ್ ಅಂದ್ರ ಮೈಲಿ ಲೆಕ್ಕ. 680 ಸ್ಯಾನ್ ಹೋಸೆದಾಗ ಶುರು ಆಗ್ತದ, ಅಲ್ಲಿಂದ ಎಷ್ಟು ಮೈಲಿ ಅನ್ನೋದ ಆ ನಂಬರು. ನಾ ಹತ್ತೋದು ಮಿಶನ್ ಬೂಲೆವಾರ್ಡ್, 16. ಇಳಿಯೋದು ಬರ್ನಾಲ್ ಅವೆನ್ಯೂ, 26. ಕಳದ್ರ ಹತ್ತು. ಹತ್ತ ಮೈಲಿ ಫ್ರೀವೇ! ಉಳದದ್ದೆಲ್ಲಾ ಊರಾಗಿನ ರಸ್ತಾ, ನನಗ ಗೊತ್ತಿದ್ದದ್ದ. ಹತ್ತು ನಿಮಿಷದ ಮಾತಿಗೆ ನಾ ಇಷ್ಟು ದಿನ ಅಂಜಿದೆನಾ ಅನಿಸ್ತು. ನಡುವಿನ ಹೆಸರು ಚೀಟಿ ಮ್ಯಾಲೆ ಬರದು ಫ್ರಿಜ್ಜಿಗೆ ಹಚ್ಚಿ ಬಾಯಿಪಾಠ ಮಾಡಿದೆ: ವರ್ಗಸ್, ಶೆರಿಡನ್, ಆಂಡ್ರಾಡೆ, ಕಾಲವೆರಾಸ್, ಸುನೋಲ್ ಬೂಲೆವಾರ್ಡ್, ಆಮ್ಯಾಲೆ ಬರ್ನಾಲ್. ಮಗನೂ ಕಲಿತ. ಊಟಕ್ಕ ಕೂತಾಗ ಮಗ್ಗಿ ಅಂದಂಗ ಅಂತಿದ್ದ.

ಫ್ರೀವೇಕ್ಕ ಸೇರೋದ ಕಠಿಣ ಕೆಲಸ. ಇಲ್ಲೆ ಗಾಡಿ ಬಲಕ್ಕ ಓಡ್ತಾವ, ನಾವು ಬಲಗಡಿಂದ ಸೇರ್ತೀವಿ. ಕೆಲವು ಕಡಿ ಏರೋ ದಾರ್ಯಾಗ ಸಣ್ಣ ಸಿಗ್ನಲ್ ಇರ್ತದ, ಹಸಿರಾದಾಗೊಮ್ಮೆ ಒಂದೊಂದ ಗಾಡಿ ಬಿಡ್ತಾರ. ಅಲ್ಲಿಂದ ಕಾಲು ಸಡಲ ಬಿಡಬಾರದು. ಅಂಜಿ ಮೆತ್ತಗ ಹೋದ್ರನ ಧೋಕಾ. ಒಳಗಿನ ಗಾಡಿಗಳ ವೇಗ ನಮಗ ಬಂದಿರಬೇಕು, ಕನ್ನಡಿ ನೋಡಬೇಕು, ಎಡ ಹೆಗಲ ಮ್ಯಾಲಿಂದ ಒಮ್ಮೆ ಹೊಳ್ಳಿ ನೋಡಿ ಸಂದಿ ಹಿಡದು ಸೇರಬೇಕು. ಸಣ್ಣವರಿದ್ದಾಗ ಹಗ್ಗ ಜಿಗಿಯೋ ಆಟದಾಗ ತಿರುಗೋ ಹಗ್ಗದೊಳಗ ಹೆಂಗ ಹೋಗ್ತಿದ್ವಿ? ನಿಂತು ನಿಂತು ತಲಿ ಆಡಿಸಿ, ಹಗ್ಗದ ತಾಳ ಹಿಡದು ಒಮ್ಮೆಲೆ. ಥೇಟ್ ಹಂಗ.

ಮಿಶನ್ ದಾಟಿದ ಕೂಡಲೆ ಸುನೋಲ್ ಏರು. ಲಾರಿಗಳು ಬಲಗಡಿ ಲೇನಿನ್ಯಾಗ ಏದುಸಿರು ಬಿಟಗೋತ ಏರ್ತಿರ್ತಾವ. ಅವುಕ್ಕ ಈ ರಾಜ್ಯದಾಗ 55 ಮೈಲಿಗಿಂತ ಹೆಚ್ಚು ಹೋಗೋ ಹಂಗೂ ಇಲ್ಲ. ಅವುಗಳ ಹಿಂದ ಸಿಗಬಿದ್ರ ನಾವೂ ಎತ್ತಿನ ಬಂಡಿ. ಅದಕ್ಕ ಸೇರಿದ ಮ್ಯಾಲೆ ಒಂದ ಲೇನು ಎಡಕ್ಕ ಸರದು, ಕಾಲವೆರಾಸ್ ದಾಟಿದ ಮ್ಯಾಲೆ ಮತ್ತ ಬಲಕ್ಕ ಬರೋದು ಅಂತ ಮಾಡಿಕೊಂಡೆ. ಎಡಕ್ಕ ಕಡೀ ಲೇನು ಎಕ್ಸ್‌ಪ್ರೆಸ್ ಲೇನು. ಅದಕ್ಕ ಫಾಸ್ಟ್ರ್ಯಾಕ್ ಡಬ್ಬಿ ಬೇಕು, ರೊಕ್ಕಾ ಹಿಡೀತಾರ. ನಮಗ ಅದರ ಉಸಾಬರಿ ಬ್ಯಾಡ.

ಎಕ್ಸಿಟ್ ತಪ್ಪಿದ್ರ? ಇದನ್ನೂ ಮೊದಲ ಪ್ಲ್ಯಾನ್ ಮಾಡಿಟ್ಟೆ. ಬರ್ನಾಲ್ ತಪ್ಪಿದ್ರ ಮುಂದ ಸ್ಟೋನ್‌ರಿಜ್ ಅದ, ಅಲ್ಲೆ ಇಳದು ಊರೊಳಗಿಂದ ಹೊಳ್ಳಿ ಬರೋದು. ಹತ್ತು ನಿಮಿಷ ಹೆಚ್ಚು, ಅಷ್ಟ. ಒಮ್ಮೆಲೆ ಬ್ರೇಕ್ ಹಾಕೋದು, ಲೇನು ಕತ್ತರಿಸಿ ನುಗ್ಗೋದು, ಹಿಂದಕ್ಕ ತಗಿಯೋದು, ಇವು ಮೂರೂ ಬ್ಯಾಡ. ತಪ್ಪಿದ ಹಾದಿಗೆ ದಂಡ ಹತ್ತ ನಿಮಿಷ, ಅವಸರದ ದಂಡಕ್ಕ ಲೆಕ್ಕ ಇಲ್ಲ.

ಬುತ್ತಿದೂ ಪ್ಲ್ಯಾನ್ ಬೇಕು. ಬಾಣಂತಿಗೆ ಏನು ಒಯ್ಯೋದು ಅಂತ ಮಾವಶಿನ್ನ ಕೇಳಿದೆ, ಅವರು ಫೋನಿನ್ಯಾಗ ಒಂದ ತಾಸು ಹೇಳಿದ್ರು. ಸಬ್ಬಸಗಿ ಪಲ್ಯ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಮೆತ್ತಗನ ಅನ್ನ, ತುಪ್ಪ, ಅಳವಿ ಪಾಯಸ, ಅಂಟಿನ ಉಂಡಿ. ಸಬ್ಬಸಗಿ ಇಲ್ಲಿ ಅಂಗಡ್ಯಾಗ ಡಿಲ್ ಅಂತ ಸಿಗ್ತದ. ರೊಟ್ಟಿ ಒಂದು ಟವೆಲ್ಲಿನ್ಯಾಗ ಸುತ್ತಿ ಒಯ್ದೆ. ಸಾರಿನ ಡಬ್ಬಿ ಸೀಟಿನ ಮ್ಯಾಲೆ ಇಟ್ರ ಇಳಿಜಾರಿನ್ಯಾಗ ಉರಳಿ, ನಮ್ಮ ಲಕ್ಷ್ಯ ರಸ್ತಾ ಬಿಟ್ಟು ಸಾರಿನ ಕಡಿ ಹೋಗ್ತದ. ಅದಕ್ಕ ಥರ್ಮಾಸಿನ್ಯಾಗ ಹಾಕಿ, ರಟ್ಟಿನ ಡಬ್ಬಿಯೊಳಗ ಎಲ್ಲಾ ಒತ್ತಿ ಜೋಡಿಸಿ, ಸಂದಿಗೆ ಹಳೇ ಓಢಣಿ ತುರುಕಿ, ಹಿಂದಿನ ಸೀಟಿನ ಕೆಳಗ ಇಟ್ಟೆ. ಫೋನ್ ಸ್ಟ್ಯಾಂಡಿಗೆ ಸಿಗಿಸಿ, ನಕಾಶೆ ಹಚ್ಚಿ, ಆಮ್ಯಾಲೆ ಗಾಡಿ ಚಾಲೂ. ಗಾಡಿ ನಡಸೋವಾಗ ಫೋನ್ ಕೈಯಾಗ ಹಿಡಿಯೋದು ಇಲ್ಲೆ ಕಾಯದೇಕ್ಕ ವಿರುದ್ಧ.

ಸ್ವಾಮಾರ ಒಬ್ಬಾಕೆನ ಹೊಂಟೆ. ಏರಿನ ಮ್ಯಾಲೆ ಹೋದಾಗ ಎರಡೂ ಕಡಿ ಗುಡ್ಡ ಒಣಗಿ ಕಣಕಿ ಬಣ್ಣ ಆಗಿದ್ವು, ಸುಗ್ಗಿ ಮುಗದ ಮ್ಯಾಲೆ ನಮ್ಮ ಹೊಲ ಇದ್ದಂಗ. ವರ್ಗಸ್ ಅಂದೆ, ಶೆರಿಡನ್ ಅಂದೆ, ಒಂದೊಂದ ಹೆಸರು ಬಂದು ಹಿಂದ ಸರೀತು. ಬರ್ನಾಲಿಗೆ ಇಳದು ಕೆಂಪು ಸಿಗ್ನಲ್ಲಿಗೆ ನಿಂತಾಗ ಅಂಗೈ ಹಸಿ ಆಗಿತ್ತು, ಸೆರಗಿಗೆ ಒರಸಿಕೊಂಡೆ.

ತಂಗಿ ಬಾಗಲಾ ತಗದು, ನನ್ನ ಹಿಂದ ಯಾರರ ಅದಾರೇನಂತ ನೋಡಿದಳು. "ಭಾವ ಎಲ್ಲಿ?" ಅಂದಳು. "ಆಫೀಸಿನ್ಯಾಗ" ಅಂದೆ. ತಿಳೀಲಿಕ್ಕೆ ಒಂದು ಗಳಿಗಿ ಬೇಕಾತು. ಆಮ್ಯಾಲೆ ನನ್ನ ಹೆಗಲ ಮ್ಯಾಲೆ ತಲಿ ಇಟ್ಟು ಅತ್ತಳು. ನಾ ಏನೂ ಕೇಳಲಿಲ್ಲ. ಕೂಸಿನ್ನ ಇಸಗೊಂಡು, ತಾಟು ಹಚ್ಚಿ, ಕೂತು ಉಣ್ಣು ಅಂದೆ. ಎರಡ ಸಲ ಸಾರು ಹಾಕಿಸಿಕೊಂಡಳು. ಎಂಥಾ ಪರಿ ಮಲಗಿದಳಂದ್ರ ಎರಡು ತಾಸು ಕೂಸಿನ ಅಳು ಸೈತ ಅಕಿಗೆ ಕೇಳಲಿಲ್ಲ. ಎದ್ದ ಮ್ಯಾಲೆ ಕೂದಲಾ ಹಿಕ್ಕೋತ ಹೇಳಿದಳು: "ದವಾಖಾನಿಯೊಳಗ ಒಂದು ಹಾಳಿ ಕೊಟ್ಟು, ಮನಸ್ಸಿಗೆ ಹೆಂಗನಸ್ತದ ಅಂತ ಗುರುತು ಹಾಕು ಅಂದ್ರು ಅಕ್ಕಾ. ಎಲ್ಲಾ ಛಲೋ ಅದ ಅಂತ ಹಾಕಿ ಬಂದೆ." ಮುಂದಿನ ಸಲ ಖರೇ ಇದ್ದದ್ದು ಹಾಕೋಣ, ನಾನೂ ಬರ್ತೇನಿ ಅಂದೆ. ಹಂಗ ಹೋದ್ವಿ ಸೈತ. ಕೂಸಿನ ಸೀಟು ಹಿಂದ, ಹಿಮ್ಮುಖ ಹಚ್ಚಿ, ಗಾಡಿ ನಾನ ನಡಸಿದೆ. ಡಾಕ್ಟರು ಮಾತಾಡಿಸಿ, ವಾರಕ್ಕೊಮ್ಮೆ ಬಾ ಅಂದ್ರು. ಈಗ ಅಕಿ ಧ್ವನಿ ಮೊದಲಿನಂಗ ಆಗ್ಯದ. ಫೋನಿನ್ಯಾಗ ನನಗಿಂತ ಅಕಿನ ಹೆಚ್ಚು ಮಾತಾಡ್ತಾಳ.

ಬಾಣಂತಿಗೆ ಊಟ ಎಷ್ಟು ಬೇಕೋ, ಹಗಲು ಹೊತ್ತಿನ್ಯಾಗ ಮನ್ಯಾಗ ಇನ್ನೊಂದು ಹೆಣ್ಣಿನ ಧ್ವನಿ ಅಷ್ಟ ಬೇಕು. ಊರಾಗ ಅದು ಕೇಳದನ ಸಿಗ್ತದ, ಬಾಜೂ ಮನಿ ಕಾಕು ಒಬ್ರು ಬಂದ ಕೂಡ್ತಾರ. ಇಲ್ಲೆ ಅದಕ್ಕ ಗಾಡಿ ಬೇಕು, ಹಾದಿ ಗೊತ್ತಿರಬೇಕು. ಅದಕ್ಕ ಲೈಸೆನ್ಸ್ ಇದ್ದವರು ಯಾರರ ಕಷ್ಟ ಬರೋ ತನಕ ಕಾಯಬ್ಯಾಡ್ರಿ. ನಿಮ್ಮ ಮನಿಗೆ ಹತ್ತರಿನ ಒಂದು ಊರು ಆರಿಸಿಕೊಂಡು, ಒಂದು ಐತವಾರ ನಸುಕಿನ್ಯಾಗ ಹತ್ತು ಮೈಲಿ ಹೋಗಿ ಬರ್ರಿ. ಹೆಸರು ಚೀಟಿ ಮ್ಯಾಲೆ ಬರಕೊಳ್ರಿ. ಫ್ರೀಮಾಂಟಿನ ಕಡಿ ಇರೋರು ಹೇಳಿ ಕಳಸ್ರಿ, ಬಾಜೂಕ ನಾ ಕೂಡ್ತೇನಿ. ಕಾಲು ಅಲ್ಲಾಡಸೋದಿಲ್ಲ.

ಮತ್ತೊಂದು ಮಾತು. ಧಾರವಾಡದಿಂದ ಈ ತಿಂಗಳಾಗ ಯಾರರ ಇತ್ತ ಬರೋರಿದ್ರ ಮಾವಶಿಗೆ ತಿಳಸ್ರಿ. ಅಂಟಿನ ಉಂಡಿ ಮಾಡಿ ಡಬ್ಬಿ ಕಟ್ಟಿಟ್ಟಾರಂತ.