ಬೆವರಿನ ಸಾಕ್ಷ್ಯ

ಮನಸ್ಸಿನ ವಿಕಾರಗಳನ್ನು ದೇಹವು ಮರೆಮಾಚಲಾರದೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಭರತಮುನಿಯು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕಭಾವಗಳನ್ನು ನಿರೂಪಿಸಿರುವುದು ವಾಚಕರಿಗೆ ತಿಳಿದೇ ಇದೆ. ಪಾಠಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ, ಇವುಗಳ ಪೈಕಿ ಎರಡನೆಯದಾದ ಸ್ವೇದವು ಮುಂದೊಂದು ದಿನ ಕಚೇರಿಗಳ ಲೆಕ್ಕದಲ್ಲಿ ಸೇರುವುದೆಂದು ನನಗೆ ತೋರಿರಲಿಲ್ಲ.

1888ರಲ್ಲಿ ಫ್ರಾನ್ಸ್ ದೇಶದ ವೈದ್ಯರಾದ ಶಾರ್ಲ್ ಫೆರೆ ಎಂಬವರು ಮನುಷ್ಯನ ಶರೀರದ ಮೂಲಕ ಅತ್ಯಲ್ಪವಾದ ವಿದ್ಯುತ್ತನ್ನು ಹಾಯಿಸಿ, ಮನಸ್ಸು ಕಲಕಿದಾಗ ಚರ್ಮವು ಅದಕ್ಕೆ ಒಡ್ಡುವ ತಡೆಯು ಕಡಿಮೆಯಾಗುವುದನ್ನು ಕಂಡರು. ಅಂಗೈಯ ಸ್ವೇದಗ್ರಂಥಿಗಳು ನಮ್ಮ ಇಚ್ಛೆಗೆ ಒಳಪಡದ ನರಗಳ ಅಧೀನದಲ್ಲಿವೆ. ಮನಸ್ಸು ಉದ್ವಿಗ್ನವಾದೊಡನೆ ಅವು ಕಣ್ಣಿಗೆ ಕಾಣದಷ್ಟಾದರೂ ಒಸರುತ್ತವೆ. ಉಪ್ಪಿನಂಶವುಳ್ಳ ಆ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಇದನ್ನು ಅಳೆಯುವ ಯಂತ್ರವು ಈಗ ಕೈಗಡಿಯಾರದಷ್ಟು ಕಿರಿದಾಗಿದೆ. ಇದರೊಂದಿಗೆ ಹೃದಯದ ಬಡಿತಗಳ ನಡುವಣ ಅಂತರವನ್ನೂ, ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಎಂಬ ಅಂತಃಸ್ರಾವವನ್ನೂ ಅಳೆದು, ದುಡಿಯುವವರ ಮನೋಭಾವವನ್ನು ತಿಳಿಯಲು ಪಂಡಿತರು ಯತ್ನಿಸುತ್ತಿದ್ದಾರೆ.

ಬೆಂಗಳೂರಿನ ಕಚೇರಿಯೊಂದರಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳಿಗೂ ಇಂಥದೊಂದು ಕೈಪಟ್ಟಿಯನ್ನು ಕೊಟ್ಟರು. ಸಂಶೋಧನೆಗಾಗಿ ಎಂದು ಹೇಳಿದರಂತೆ. "ಅಪ್ಪಾ, ಕಟ್ಟಿಕೊಳ್ಳಲೇ, ಬೇಡವೇ?" ಎಂದು ಅವಳು ನನ್ನನ್ನು ಕೇಳಿದಳು. ಪ್ರಶ್ನೆ ಚಿಕ್ಕದಾದರೂ ಉತ್ತರಕ್ಕಾಗಿ ನಾನು ಕೆಲವು ದಿನ ಓದಬೇಕಾಯಿತು.

ಇಂಥ ಸಂಶೋಧನೆಯೆಲ್ಲ ವ್ಯರ್ಥವೆಂದು ಹೇಳುವಂತಿಲ್ಲ. 1970ರ ದಶಕದಲ್ಲಿ ಸ್ವೀಡನ್ ದೇಶದ ವಿದುಷಿ ಮರಿಯಾನೆ ಫ್ರಾಂಕೆನ್‌ಹೌಸರ್ ಅವರೂ ಅವರ ಸಂಗಡಿಗರೂ ಮರ ಕೊಯ್ಯುವ ಕಾರ್ಖಾನೆಯ ಕೆಲಸಗಾರರ ಮೂತ್ರವನ್ನು ಪರೀಕ್ಷಿಸಿ, ಅದರಲ್ಲಿರುವ ಅಡ್ರಿನಲಿನ್ ಸ್ರಾವವನ್ನು ಅಳೆದರು. ಯಂತ್ರದ ವೇಗಕ್ಕೆ ಕಟ್ಟುಬಿದ್ದು ಒಂದೇ ಬಗೆಯ ಕೆಲಸವನ್ನು ಮತ್ತೆ ಮತ್ತೆ ಮಾಡತಕ್ಕವರಲ್ಲಿ ಅದು ದಿನದ ಕೊನೆಯವರೆಗೂ ಏರುತ್ತ ಹೋಗುತ್ತಿತ್ತು. ಅಂಥ ಕಟ್ಟಿಲ್ಲದೆ ದುಡಿಯುವವರಲ್ಲಿ ಇಳಿಯುತ್ತಿತ್ತು. ಮೊದಲನೆಯ ಗುಂಪಿನವರಿಗೆ ಕೆಲಸ ಬಿಟ್ಟ ಮೇಲೂ ಮನಸ್ಸು ಬೇಗನೆ ಶಾಂತವಾಗುತ್ತಿರಲಿಲ್ಲ. ಬಾಯಿ ಬಿಟ್ಟು ಹೇಳಲಾಗದ ದಣಿವನ್ನು ಇಲ್ಲಿ ದೇಹವೇ ಹೇಳಿತು; ಕೆಲಸದ ಏರ್ಪಾಡಿನಲ್ಲಿಯೇ ದೋಷವಿರುವುದನ್ನು ತೋರಿಸಿಕೊಟ್ಟಿತು.

ಆದರೆ ದೇಹದ ಮಾತಿಗೂ ಒಂದು ಮೇರೆಯುಂಟು. ಮನಸ್ಸು ಕಲಕಿತೆಂದು ಅದು ತಿಳಿಸಬಲ್ಲದು. ಏತರಿಂದ ಕಲಕಿತೆಂಬುದನ್ನು ತಿಳಿಸಲಾರದು. ಭರತನು ಸ್ವೇದವೊಂದಕ್ಕೇ ಕ್ರೋಧ, ಭಯ, ಹರ್ಷ, ಲಜ್ಜೆ, ಶ್ರಮ, ರೋಗ ಮುಂತಾಗಿ ಹಲವು ಕಾರಣಗಳನ್ನು ಕೊಡುತ್ತಾನೆ. ಕಣ್ಣೀರಿಗೆ ಶೋಕದ ಜೊತೆಯಲ್ಲಿ ಆನಂದವನ್ನೂ, ಬರಿಯ ಹೊಗೆಯನ್ನೂ ಹೇಳುತ್ತಾನೆ. ನಾನು ಉಪಾಧ್ಯಾಯನಾಗಿದ್ದಾಗ, ತನಿಖೆಗೆಂದು ಬಂದ ಅಧಿಕಾರಿಯೊಬ್ಬರು ಶಬ್ದರೂಪವನ್ನು ಒಪ್ಪಿಸಲು ನಿಂತ ಹುಡುಗನ ಕೈ ನಡುಗುವುದನ್ನು ನೋಡಿ, "ಇವನು ಪಾಠ ಓದಿಲ್ಲ" ಎಂದುಬಿಟ್ಟರು. ಹಿಂದಿನ ರಾತ್ರಿಯಿಂದ ಅವನ ಹೊಟ್ಟೆಗೆ ಅನ್ನವಿಲ್ಲವೆಂಬುದು ಅವನ ಮನೆಯನ್ನು ಬಲ್ಲ ನನಗೆ ಗೊತ್ತಿತ್ತು. ಯಂತ್ರವು ಎಷ್ಟೇ ಸೂಕ್ಷ್ಮವಾದರೂ ನಡುಕವನ್ನು ಅಳೆಯಬಹುದಲ್ಲದೆ ಹುಡುಗನ ಮನೆಯನ್ನು ಬಲ್ಲುದೆ?

ಈ ಸಂಶಯವು ಶಾಲೆಯ ಮೇಷ್ಟರದು ಮಾತ್ರವಲ್ಲ. ಉಸಿರು, ನಾಡಿ, ಬೆವರುಗಳಿಂದ ಸುಳ್ಳನ್ನು ಪತ್ತೆಹಚ್ಚುವೆನೆನ್ನುವ ಪಾಲಿಗ್ರಾಫ್ ಯಂತ್ರಕ್ಕೆ ಯಾರನ್ನೂ ಬಲಾತ್ಕಾರವಾಗಿ ಒಳಪಡಿಸಕೂಡದೆಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯವೆಂಬ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿತು. ಅದು ಅಪರಾಧಗಳ ತನಿಖೆಯ ಮಾತಾಯಿತು. ಯೂರೋಪಿನ ಒಕ್ಕೂಟವಾದರೋ ಇನ್ನೂ ಮುಂದೆ ಹೋಗಿ, ಕೆಲಸದ ಸ್ಥಳಗಳಲ್ಲಿಯೂ ವಿದ್ಯಾಶಾಲೆಗಳಲ್ಲಿಯೂ ಇಂಥ ದೇಹಲಕ್ಷಣಗಳಿಂದ ಮನುಷ್ಯರ ಭಾವವನ್ನು ಊಹಿಸುವ ಕೃತಕಬುದ್ಧಿಯ ಯಂತ್ರಗಳನ್ನು, ವೈದ್ಯ ಮತ್ತು ಸುರಕ್ಷತೆಯ ಕಾರಣಗಳ ಹೊರತು, 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ.

ಇಷ್ಟನ್ನು ಓದಿಕೊಂಡು ಮಗಳಿಗೆ ಮೂರು ಪ್ರಶ್ನೆಗಳನ್ನು ಬರೆದುಕೊಟ್ಟೆನು. ಈ ಲೆಕ್ಕವು ಯಾರ ಕೈಸೇರುವುದು? ಬೇಡವೆಂದವರಿಗೆ ಏನಾದರೂ ಹಾನಿಯುಂಟೇ? ಇದರಿಂದ ತಿದ್ದಲು ಹೊರಟಿರುವುದು ಕೆಲಸವನ್ನೋ, ಕೆಲಸದವರನ್ನೋ? "ಮೂರಕ್ಕೂ ಬರಹದಲ್ಲಿ ಉತ್ತರ ಕೊಟ್ಟರೆ ಧಾರಾಳವಾಗಿ ಕಟ್ಟಿಕೊಳ್ಳಮ್ಮ" ಎಂದೆನು. ಮೊದಲಿನ ಎರಡಕ್ಕೆ ಉತ್ತರ ಬಂದಿತು, ಮೂರನೆಯದಕ್ಕೆ ಬರಲಿಲ್ಲ. ಪಟ್ಟಿಯನ್ನು ಅವಳು ಹಿಂದಿರುಗಿಸಿದಳು.

ನಮ್ಮ ಆಲಂಕಾರಿಕರು ರಸವನ್ನು ಗ್ರಹಿಸತಕ್ಕವನಿಗೆ ಸಹೃದಯನೆಂದು ಹೆಸರಿಟ್ಟರು. ನಟನ ಕಣ್ಣೀರನ್ನು ಕಂಡಾಗ ಅವನು ಅದರ ಹನಿಗಳನ್ನು ಎಣಿಸುತ್ತ ಕೂರುವುದಿಲ್ಲ. ಕಥೆಯನ್ನು ಬಲ್ಲವನಾದುದರಿಂದ ಅದರ ಅರ್ಥವು ಅವನಿಗೆ ಹೊಳೆಯುತ್ತದೆ. ದುಡಿಯುವವರ ಬೆವರನ್ನು ಅಳೆಯಹೊರಟವರು ಅಳೆಯಲಿ, ಅಳೆದ ಮೇಲೆ ಯಂತ್ರವನ್ನು ಬದಿಗಿಟ್ಟು, ಅವರ ಪಕ್ಕದಲ್ಲಿ ಕುಳಿತು, "ಏನಾಯಿತಪ್ಪಾ?" ಎಂದು ಕೇಳುವಷ್ಟು ಸಹೃದಯತೆಯೂ ಅವರಿಗೆ ಇರಲಿ.