ಎಣ್ಣಿ ಬಾಟ್ಲಿ ಎಲ್ಲಿಟ್ಟಿದ್ದೀರಿ?

ಅಮೆರಿಕದ ಬಂದೂಕು ಅಂದಕೂಡಲೇ ನಮಗೆ ನೆನಪಾಗೋದು ಶಾಲೆಗಳಲ್ಲಿ ನಡೆಯುವ ಗುಂಡಿನ ದಾಳಿ, ಅಲ್ವಾ? ಆದರೆ ಅಲ್ಲಿ ಗುಂಡಿಗೆ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. 2022ರಲ್ಲಿ ಸುಮಾರು 27,000 ಜನ. ಅವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಗಂಡಸರು. ವಯಸ್ಸಾದ ಬಿಳಿಯ ಗಂಡಸರಲ್ಲಿ, ಹಳ್ಳಿಗಾಡಿನಲ್ಲಿ ಈ ಪ್ರಮಾಣ ಇನ್ನೂ ಜಾಸ್ತಿ. ಬಂದೂಕು ಇಟ್ಟುಕೊಂಡವರೂ ಹೆಚ್ಚಾಗಿ ಅವರೇ.

ಇದನ್ನೆಲ್ಲ ಓದ್ತಾ ಓದ್ತಾ ಮನಸ್ಸು ನಮ್ಮ ಅನಗವಾಡಿ ಕಡೆ ಓಡಿತು. ಘಟಪ್ರಭೆಯ ದಂಡೆಯ ಊರು. ಇಲ್ಲಿ ಬಂದೂಕು ಯಾರ ಮನೇಲಿದೆ? ಆದರೆ 'ಎಣ್ಣಿ' ಇಲ್ಲದ ರೈತನ ಮನೆ ಹುಡುಕೋದು ಕಷ್ಟ. ಅಡುಗೆ ಎಣ್ಣೆ ಅಲ್ಲ ಮತ್ತೆ, ಬೆಳೆಗೆ ಹೊಡಿಯೋ ಕೀಟನಾಶಕ. ನಮ್ಮ ಕಡೆ ಅದರ ಹೆಸರೇ ಎಣ್ಣಿ.

ಬಂದೂಕಾದರೆ ಬಹುಪಾಲು ಮನೆಯ ಗಂಡಸಿನದು. ಎಣ್ಣಿ ಬಾಟ್ಲಿ ಹಾಗಲ್ಲ, ಅದು ಇಡೀ ಮನೆಯದು. ಸಾಲದಲ್ಲಿ ಮುಳುಗಿದ ಅಪ್ಪನ ಕೈಗೂ ಸಿಗುತ್ತೆ, ಜಗಳವಾಡಿ ಅಳ್ತಾ ಕೂತ ಸೊಸೆಯ ಕೈಗೂ, ಪರೀಕ್ಷೆಯಲ್ಲಿ ಫೇಲಾದ ಮಗನ ಕೈಗೂ. ನಮ್ಮ ದೇಶದಲ್ಲೂ ಗಂಡಸರೇ ಹೆಚ್ಚು, 2022ರಲ್ಲಿ ನೂರಕ್ಕೆ ಸುಮಾರು 72. ಆದರೆ 2016ರ ಲೆಕ್ಕ ನೋಡಿ, ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸತ್ತ ಹೆಣ್ಣುಮಕ್ಕಳಲ್ಲಿ ಮೂವರಲ್ಲಿ ಒಬ್ಬಳಿಗಿಂತ ಹೆಚ್ಚು ನಮ್ಮ ದೇಶದವಳು!

ಯಾರಾದರೂ ಹೋದರೆ ಊರಲ್ಲಿ ಮಾತು ಒಂದೇ. "ಸಾಲ ಇತ್ತಂತ", "ಮನ್ಯಾಗ ಜಗಳ ಆಗಿತ್ತಂತ". ಬಾಟ್ಲಿ ಅಲ್ಲಿ ಯಾಕಿತ್ತು ಅಂತ ಯಾರೂ ಕೇಳಲ್ಲ. ಸಾಲ ತೀರೋಕೆ ವರ್ಷಗಳು ಬೇಕು, ನಿಜ. ಆದರೆ ಸಾಯಬೇಕು ಅನ್ನೋ ಆ ಕೆಟ್ಟ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಒಮ್ಮೆ ಬದುಕುಳಿದವರಲ್ಲಿ ಬಹುತೇಕರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ.

ಶ್ರೀಲಂಕಾ ಇದನ್ನು ಮಾಡಿ ತೋರಿಸಿತು. 1995ರಿಂದ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಎರಡು ದಶಕದಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು 70 ಶೇಕಡಾ ಇಳಿಯಿತು. ಬೆಳೆಯ ಇಳುವರಿಗೆ ಧಕ್ಕೆಯಾಗಲಿಲ್ಲ.

ನಿಷೇಧ ಸರ್ಕಾರದ ಕೆಲಸ. ಒಂದು ಪೆಟ್ಟಿಗೆ, ಒಂದು ಕೀಲಿ ನಮ್ಮ ಕೈಲಾಗುವ ಕೆಲಸ. ಹಬ್ಬಕ್ಕೆ ಊರಿಗೆ ಹೋದಾಗ ನೀವೂ ಒಮ್ಮೆ ಕೇಳಿ, "ಎಣ್ಣಿ ಎಲ್ಲಿಟ್ಟೀರಿ?" ಅಂತ. ಯಾರಾದರೂ ಮಂಕಾಗಿ ಕೂತಿದ್ದರೆ ಪಕ್ಕದಲ್ಲಿ ಕೂತು ಮಾತಾಡಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ. ಕನ್ನಡದಲ್ಲೇ ಮಾತಾಡ್ತಾರೆ.

ನಿಮ್ಮ ಊರ ಕಡೆ ಹೇಗಿದೆ? ಬರೀರಿ.