ಕೋರಕ್ಕೊಂದು ರಾಗ

ತುಮಕೂರು ತಾಲ್ಲೂಕಿನ ಒಂದು ಹೋಬಳಿ ಊರು ಕೋರ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ ಹಬ್ಬಕ್ಕೆ ಬಂದುಹೋಗುವ ನೆಂಟನಾದೆ. ಹೋದ ಬೇಸಿಗೆಯಲ್ಲಿ ಹಳೆಯ ಮನೆ ಮಾರುವ ಮಾತು ಮುಗಿಸಲು ಹೊರಟಾಗ ಏಳನೇ ತರಗತಿಯ ಮೊಮ್ಮಗನನ್ನೂ ಕರೆದುಕೊಂಡೆ. ಅವನು ಕೋರವನ್ನು ನೋಡಿರಲೇ ಇಲ್ಲ.

ಬಸ್ಸಿನಲ್ಲಿ ಅವನ ಕಿವಿಗೆ ಇಯರ್‌ಫೋನ್. "ಯಾವ ಸಿನಿಮಾ ಹಾಡೋ?" ಅಂದೆ.

"ಸಿನಿಮಾ ಅಲ್ಲ ತಾತ, ವಿಡಿಯೋ ಗೇಮ್‌ದು. ಇದು ಒಂದು ಊರಿನ ಮ್ಯೂಸಿಕ್ಕು" ಎಂದು ಒಂದು ತುದಿಯನ್ನು ನನ್ನ ಕಿವಿಗಿಟ್ಟ. ಮೂಗು ಮುರಿಯಬೇಕೆಂದಿದ್ದೆ. ಆದರೆ ರಾಗ ಚೆನ್ನಾಗಿತ್ತು!

ಜಪಾನಿನ ಈ ಆಟಗಳಲ್ಲಿ ನಾಯಕ ಊರೂರು ಅಲೆಯುತ್ತಾನಂತೆ. ಊರಿಗೊಂದು ರಾಗ, ಕಾಡಿಗೊಂದು, ಕಾಳಗಕ್ಕೊಂದು. 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಬಂದಾಗ ಅದಕ್ಕೆ ಸಂಗೀತ ಕೊಟ್ಟ ಕೊಯಿಚಿ ಸುಗಿಯಾಮ ಅವರಿಗೆ 55 ವರ್ಷ. 2021ರ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೀಡಾಪಟುಗಳ ಮೆರವಣಿಗೆ ಶುರುವಾದದ್ದು ಅವರ ರಾಗದಿಂದಲೇ. 1987ರ 'ಫೈನಲ್ ಫ್ಯಾಂಟಸಿ'ಗೆ ಸಂಗೀತ ಕೊಟ್ಟ ನೊಬುವೊ ಉಎಮಟ್ಸು ತಾವೇ ಕಲಿತವರು.

ಆಗಿನ ಆಟದ ಪೆಟ್ಟಿಗೆಯಲ್ಲಿ ಒಮ್ಮೆಗೆ ಮೂರೇ ಸ್ವರ ನುಡಿಸಬಹುದಿತ್ತು. ತಾಳಕ್ಕೆ 'ಬುಸ್' ಎನ್ನುವ ಒಂದು ಸದ್ದು. ಕತ್ತಿ ಬೀಸಿದ ಶಬ್ದ ಬಂದರೆ ರಾಗದ ಒಂದು ಎಳೆ ಕ್ಷಣಹೊತ್ತು ಸುಮ್ಮನಾಗಬೇಕು. ಆಡುವ ಹುಡುಗ ಒಂದು ಊರಿನಲ್ಲಿ ಎರಡು ನಿಮಿಷ ಇರುತ್ತಾನೋ, ಎರಡು ಗಂಟೆಯೋ, ಯಾರಿಗೆ ಗೊತ್ತು? ಹಾಗಾಗಿ ರಾಗದ ಕೊನೆ ಮೊದಲಿಗೇ ಬಂದು ಸೇರಬೇಕು, ಹೊಲಿಗೆ ಕಾಣಬಾರದು. ಬ್ಯಾಂಕಿನಲ್ಲಿ ಇವತ್ತಿನ ಆಖೈರು ಶಿಲ್ಕೇ ನಾಳೆಯ ಆರಂಭ ಶಿಲ್ಕು ಆಗುವ ಹಾಗೆ!

"ನಮ್ಮಲ್ಲೂ ಇತ್ತಲ್ಲೋ" ಅಂದೆ. ನಮ್ಮ ಜಿಲ್ಲೆಯ ಗುಬ್ಬಿಯಲ್ಲೇ 1884ರಲ್ಲಿ ನಾಟಕ ಕಂಪನಿ ಹುಟ್ಟಿತು, ಮುಂದೆ ಗುಬ್ಬಿ ವೀರಣ್ಣನವರಿಂದ ನಾಡೆಲ್ಲ ಹೆಸರಾಯಿತು. ಆ ಗಾಳಿ ಹಳ್ಳಿಗಳಿಗೂ ಬೀಸಿತ್ತು. ನಮ್ಮಪ್ಪ ಊರ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ರಾಜ ಬಂದರೆ ಒಂದು ಮಟ್ಟು, ಯುದ್ಧಕ್ಕೊಂದು. ಪಾತ್ರಧಾರಿ ಬಣ್ಣ ಹಚ್ಚಿಕೊಳ್ಳುವುದು ತಡವಾದರೆ ಅದನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಿದ್ದರು.

ಮನೆಯ ಅಟ್ಟದಲ್ಲಿ ಆ ಹಾರ್ಮೋನಿಯಂ ಇನ್ನೂ ಇತ್ತು. ಧೂಳು ಒರೆಸಿ ತಿದಿ ಒತ್ತಿದರೆ ಉಸಿರಾಡಿತು. ಆದರೆ ಅರ್ಧಕ್ಕರ್ಧ ಕೀಗಳು ಮೂಕ.

"ತಾತ, ಕೋರದ ಮ್ಯೂಸಿಕ್ ಹೇಗಿರಬೇಕು?" ಎಂದ. ಹುಡುಕಲು ಇಬ್ಬರೂ ಹೊರಟೆವು. ಅರಳಿಕಟ್ಟೆಯ ಮಾತು, ತೆಂಗಿನ ಗರಿಗಳ ಸರಸರ, ಹಾಲಿನ ಕ್ಯಾನುಗಳ ಟಣಟಣ, ವಸಂತನರಸಾಪುರದ ಕಾರ್ಖಾನೆಗಳತ್ತ ಹೋಗುವ ಲಾರಿಗಳ ಹಾರನ್ನು. ಅಲ್ಲಿ ಜಪಾನಿನ ಕಂಪನಿಗಳಿಗೆಂದೇ ಜಾಗ ಗುರುತಿಸಿದ್ದಾರೆ ಎಂದಾಗ ಅವನ ಕಣ್ಣು ಅರಳಿತು.

ವಾಪಸ್ ಬಂದು ಹಾರ್ಮೋನಿಯಂ ಮುಂದೆ ಕುಳಿತ. ಸ ರಿ ಗ ಪ ದ, ಐದೇ ಸ್ವರ ಹಿಡಿದ. "ಇದು ನಮ್ಮ ಮೋಹನ ರಾಗ ಕಣೋ" ಅಂದೆ. ಜಪಾನಿನಲ್ಲೂ ಈ ಐದೇ ಸ್ವರಗಳ ಹಾಡುಗಳು ಬೇಕಾದಷ್ಟಿವೆಯಂತೆ! ಕತ್ತಲಾಗುವ ತನಕ ನುಡಿಸಿ ಫೋನಿನಲ್ಲಿ ಹಿಡಿದಿಟ್ಟುಕೊಂಡ.

ಮನೆ ಮಾರಿದೆವು. ತಮ್ಮಂದಿರ ಪಾಲೂ ಇತ್ತು, ಸೂರೂ ಸೋರುತ್ತಿತ್ತು. ಹಾರ್ಮೋನಿಯಂ ಮಾತ್ರ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಬಂತು. ಮೊಮ್ಮಗ ಫೋನಿನಲ್ಲಿ ರಾಗ ಹಾಕಿದ. ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬರುತ್ತಿತ್ತು. ನಡುವೆ ಒಂದು ಕಡೆ ಖಾಲಿ.

"ಇಲ್ಲೊಂದು ಸ್ವರ ಬಿಟ್ಟಿದ್ದೀಯಲ್ಲೋ?"

"ಅದು ಮುತ್ತಾತನ ಪೆಟ್ಟಿಗೆಯಲ್ಲಿ ಬರಲ್ಲ ತಾತ. ಹಾಗೇ ಇರಲಿ."

ನಾನು ಕಿಟಕಿ ಕಡೆ ಮುಖ ತಿರುಗಿಸಿದೆ.

ಮಕ್ಕಳೇ, ನಿಮ್ಮ ಊರಿಗೆ ಯಾವ ರಾಗ? ರಜೆಯಲ್ಲಿ ಅಜ್ಜಿ ತಾತನ ಜೊತೆ ಒಂದು ಸುತ್ತು ನಡೆದು ಕೇಳಿಸಿಕೊಳ್ಳಿ.